ಬನ್ನಿನ ತಳದ ಗುಳಿ

ತಮ್ಮಾ,

ಈ ಕಾಗದವನ್ನು ನಿನ್ನ ಕೈಗೆ ಕೊಡುವವಳಲ್ಲ ನಾನು.

ನಮ್ಮ ಬೇಕರಿಯ ಗಿರಾಕಿಗಳೆಲ್ಲ ಊರಾಚೆಯ ಹೊಸ ಬಡಾವಣೆಯ ಅಂಗಡಿಗೆ ಹೋಗತೊಡಗಿದಾಗಲೇ ನನಗೆ ಗುಮಾನಿ ಬಂದಿತ್ತು. ಇವತ್ತು ನಾನೇ ಹೋಗಿ ಒಂದು ಬನ್ ಕೊಂಡು ತಿರುಗಿಸಿ ನೋಡಿದೆ. ತಳದಲ್ಲಿ ಹೆಬ್ಬೆರಳಿನ ಗುಳಿ! ಒಲೆಗಿಡುವ ಮುನ್ನ ಹಾಗೆ ಒತ್ತುವುದನ್ನು ಅಪ್ಪ ಕಲಿಸಿದ್ದು ನಮ್ಮಿಬ್ಬರಿಗೆ ಮಾತ್ರ. ನನ್ನ ಗುಳಿ ಬಲಕ್ಕೆ ವಾಲುತ್ತದೆ, ಇದು ಎಡಗೈಯವನದು.

"ಇದನ್ನ ಯಾರಮ್ಮ ಮಾಡೋದು?" ಎಂದು ಕೌಂಟರಿನ ಹುಡುಗಿಯನ್ನು ಜೋರಾಗಿಯೇ ಕೇಳಿದೆ. ಒಳಗೆ ತಟ್ಟೆಗಳ ಸದ್ದು ಒಮ್ಮೆಲೇ ನಿಂತಿತು.

"ಅವ್ರು ಹೊರಗೆ ಬರಲ್ಲ" ಎಂದಳು.

ಬರಲ್ಲವಂತೆ! ಮನೆ ಬಿಟ್ಟು ಹೋದವನಿಗೆ ಅಕ್ಕನ ದನಿ ಇನ್ನೂ ನೆನಪಿದೆ, ಅಲ್ಲವೇನೋ?

ಅಮ್ಮನಿಗೆ ಏನೂ ಹೇಳದೆ ಬನ್ ಕೊಟ್ಟೆ. ತಿರುಗಿಸಿ, ಗುಳಿಯ ಮೇಲೆ ಬೆರಳಾಡಿಸಿ, ಚೂರೂ ಬಿಡದೆ ತಿಂದಳು.

"ನಾಳೆನೂ ಅಲ್ಲಿಂದಾನೇ ತಗೊಂಡ್ ಬಾ" ಎಂದಳು.