ಗುಂಡುಸೂಜಿಯ ಕೆಮ್ಮು

ಮಾರ್ಚ್ ೮, ಭಾನುವಾರ

ಪ್ರೀತಿಯ ಅಕ್ಕಾ,

ಈ ಕಾಗದದ ಕೊನೆಯಲ್ಲಿರುವ ಮಾತನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಅಲ್ಲಿಯ ತನಕ ಓದದೆ ಹರಿದು ಹಾಕಬೇಡ. ನೀನು ಫೋನ್ ಎತ್ತುವುದಿಲ್ಲ. ಕಾಗದ ಬರೆಯಬಹುದೆಂದು ಹೊಳೆಯಲು ನನಗೆ ಇಷ್ಟು ದಿನ ಹಿಡಿಯಿತು. ಕ್ಷಮಿಸು. ಒತ್ತಕ್ಷರ ತಪ್ಪಿದ್ದರೆ ನಗಬೇಡ.

ಅಪ್ಪನ ನಡುಕಕ್ಕೆ ಡಾಕ್ಟರು ಪಾರ್ಕಿನ್ಸನ್ ಎಂದು ಹೆಸರಿಟ್ಟ ಮೇಲೆ ನಾವು ಅವರ ಕೈಯನ್ನೇ ನೋಡುತ್ತ ಕೂತೆವು. ಗಂಟಲನ್ನು ಯಾರೂ ಗಮನಿಸಲಿಲ್ಲ. ಊಟಕ್ಕೆ ಕೂತರೆ ಕೆಮ್ಮು. ಅದೂ ನಮ್ಮ ಯಜಮಾನರು ಮಾತಾಡಿಸಿದಾಗಲೇ.

ನಮ್ಮ ಟೈಲರ್ ಅಂಗಡಿ ನೆನಪಿದೆಯಲ್ಲ? ಗಲ್ಲಾದಲ್ಲಿ ಅಮ್ಮ ಗಿರಾಕಿಯೊಡನೆ ಚೌಕಾಸಿ ಮಾಡುವಾಗ ಅಪ್ಪನ ತುಟಿಗಳ ನಡುವೆ ಗುಂಡುಸೂಜಿ. ಮಾತಾಡುವಂತಿಲ್ಲ. ಬಾಯಿ ಬಿಡದೆ ಗಂಟಲಲ್ಲೇ ಒಮ್ಮೆ ಕೆಮ್ಮಿದರೆ "ಬೇಡ, ಒಪ್ಪಬೇಡ" ಎಂದರ್ಥ. ಅಮ್ಮ ಹೋದಳು, ಅಂಗಡಿ ಮುಚ್ಚಿತು, ಆ ಅರ್ಥ ಮಾತ್ರ ನಮ್ಮ ಕಿವಿಯಲ್ಲಿ ಉಳಿಯಿತು.

ಹಾಗಾಗಿ ಇವರು ಊಟದ ನಡುವೆ, "ಮಾವ, ಅಂಗಡಿ ಬಾಡಿಗೆಗೆ ಕೊಡೋಣವೇ?" ಎಂದು ಕೇಳಿದಾಗಲೆಲ್ಲ ಅಪ್ಪ ಕೆಮ್ಮಿದರೆ ನನಗೆ ಅನುಮಾನ ಹತ್ತದೆ ಇರುತ್ತದೆಯೇ? ಅಪ್ಪ ಬೇಡವೆಂದರೂ ಇವರು ನನ್ನ ಬೆನ್ನ ಹಿಂದೆ ಏನೋ ನಡೆಸುತ್ತಿದ್ದಾರೆ ಎಂದು ಅಂಗಡಿಯ ಬೀಗದಕೈಯನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಇವರ ಕಣ್ಣಿಗೆ ಬಿತ್ತು. "ನಿಮ್ಮಪ್ಪನ ಕೆಮ್ಮಿಗೊಂದು ನಿಘಂಟು ಬರ್ಕೊಂಡಿದ್ದೀಯಲ್ಲ, ಅಚ್ಚು ಹಾಕ್ಸು," ಎಂದು ಎದ್ದು ಹೋದರು.

ಆಮೇಲೆ ಕೆಮ್ಮು ನಿಂತಿತು. ಇವರು ಅದನ್ನೇ ಕೇಳಿದರೂ ಅಪ್ಪ ಸುಮ್ಮನೆ ಉಣ್ಣುತ್ತಿದ್ದರು. ಮಾವ ಅಳಿಯ ಒಳಗೊಳಗೇ ಒಂದಾಗಿದ್ದಾರೆ ಎಂದು ನನ್ನ ಅನುಮಾನ ಇನ್ನೂ ಬೆಳೆಯಿತು. ಅಷ್ಟರಲ್ಲಿ ಅಪ್ಪನಿಗೆ ಜ್ವರ, ಎದೆಯಲ್ಲಿ ಗೊರಗೊರ. ಆಸ್ಪತ್ರೆಯಲ್ಲಿ ನುಂಗುವುದನ್ನು ಪರೀಕ್ಷಿಸುವ ಥೆರಪಿಸ್ಟ್ ನನ್ನನ್ನು ಕೂರಿಸಿಕೊಂಡು ಹೇಳಿದಳು: "ಕೆಮ್ಮು ನಿಂತಿದ್ದು ಒಳ್ಳೇದಲ್ಲಮ್ಮ. ತುತ್ತು ದಾರಿ ತಪ್ಪಿ ಶ್ವಾಸಕೋಶದ ಕಡೆ ಹೋದ್ರೂ ಅವರ ಗಂಟಲಿಗೆ ಗೊತ್ತಾಗ್ತಿಲ್ಲ." ಬಾಯಲ್ಲಿ ತುತ್ತಿರುವಾಗ ಯಾರೂ ಪ್ರಶ್ನೆ ಕೇಳಬಾರದಂತೆ. ಉತ್ತರ ಕೊಡುವ ಆತುರದಲ್ಲೇ ನೆತ್ತಿಗೆ ಹತ್ತುತ್ತದಂತೆ.

ಮನೆಗೆ ಬಂದು ಬೀಗದಕೈಯನ್ನು ಮತ್ತೆ ಗೋಡೆಯ ಮೊಳೆಗೆ ತೂಗುಹಾಕಿದೆ.

ಈಗ ಅಪ್ಪ ಮನೆಯಲ್ಲಿದ್ದಾರೆ. ನೀರಿಗೂ ಪುಡಿ ಬೆರೆಸಿ ಮಂದ ಮಾಡಿ ಕೊಡುತ್ತೇನೆ. ಇದು ಕಾಲರಿಗೆ ಹಾಕುವ ಗಂಜಿ ಎಂದು ಮುಖ ಹಿಂಡುತ್ತಾರೆ. ಅವರು ಕೆಮ್ಮದಿದ್ದರೆ ನನಗೆ ಭಯ, ಕೆಮ್ಮಿದರೆ ಅದರಲ್ಲಿ ಇನ್ನೂ ಅರ್ಥ ಹುಡುಕುತ್ತೇನೆ.

ಮಕ್ಕಳಿಗೆ ಅಜ್ಜನ ಆಶೀರ್ವಾದ. ನಿನಗೂ.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ. ಅಷ್ಟು ವರ್ಷಗಳ ಮುನಿಸಿನ ನಂತರ ನೀನು ಫೋನಿನಲ್ಲಿ, "ಅಪ್ಪಾ, ಮನೆಗೆ ಬರ್ಲಾ?" ಎಂದು ಕೇಳಿದೆ. ಅಪ್ಪ ಕೆಮ್ಮಿದರು. ನೀನು ಫೋನ್ ಇಟ್ಟೆ. ಅದು "ಬೇಡ" ಎಂದೇ ಪಕ್ಕದಲ್ಲಿದ್ದ ನಾನೂ ತಿಳಿದೆ. ಇವತ್ತು ಅಪ್ಪ ಊಟ ಮುಗಿಸಿದ ಮೇಲೆ, ಅವತ್ತು ಯಾಕೆ ಕೆಮ್ಮಿದಿರಿ ಎಂದು ನಾನು ಕೇಳಿದೆ. ಬಹಳ ಹೊತ್ತು ಮಾತು ಜೋಡಿಸಿಕೊಂಡು ಹೇಳಿದರು: "ನೀರು ಕುಡೀತಿದ್ನಲ್ಲೇ. ಬಾ ಅನ್ನೋಷ್ಟರಲ್ಲಿ ಇಟ್ಬಿಟ್ಳು."

ಇದನ್ನು ಬರೆಯದೆ ಬಿಟ್ಟುಬಿಡಲು ಹೊರಟಿದ್ದೆ. ಅಪ್ಪ ನನಗೊಬ್ಬಳಿಗೇ ಇರಲಿ ಎಂದೇ? ನನ್ನ ಮೇಲೆ ನನಗೆ ಆ ಅನುಮಾನವೂ ಇದೆ. ಅದು ಬಲಿಯುವ ಮೊದಲು, ನಾಳೆ, ಸೋಮವಾರ ಮಾರ್ಚ್ ಒಂಬತ್ತರಂದು, ಇದನ್ನು ಪೋಸ್ಟ್ ಮಾಡುತ್ತೇನೆ.