ನೀಲಗಂಗವ್ವನ ಮಾತ್ರೆ ಚೀಲ

ಗದಗ, ಫೆಬ್ರವರಿ ೩೦, ೨೧೩೧

ಡಾಕ್ಟರ್ ಶರ್ಮಿಳಾ ಕಮತಗಿಯವರಿಗೆ,

ತಾರೀಕು ತಪ್ಪಿಲ್ಲ, ನಾವು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ನಿಮ್ಮ ಕಾಲಕ್ಕಿಂತ ನೂರು ವರ್ಷ ಆಚೆಯಿಂದ ಬರೆಯುತ್ತಿದ್ದೇನೆ, ನನ್ನ ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಿ. ಅದರ ಕಹಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಬರುವ ಮಂಗಳವಾರ ನೀಲಗಂಗವ್ವ ನಿಮ್ಮ ಬಳಿ ಬರುತ್ತಾಳೆ. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವವಳು, ನನ್ನ ಮುತ್ತಜ್ಜಿಯ ತಾಯಿ. ಸ್ತನದ ಗಡ್ಡೆ ತೆಗೆದ ಮೇಲೆ ನೀವೇ ಅವಳಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ಬರೆದುಕೊಟ್ಟಿದ್ದೀರಿ. ಅವಳು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿಯಲು ಹೋದಾಗ, "ಇಲ್ಲಿ ಸಂತಿ ಹಚ್ಚಬ್ಯಾಡವ್ವ, ನಾ ಕೊಟ್ಟಿದ್ದಷ್ಟ ತೋರ್ಸು" ಎನ್ನುತ್ತೀರಿ. "ಹಂಗಲ್ರೀ ಡಾಕ್ಟರ್ರ, ಮನಸಿನ ಡಾಕ್ಟರು ಇದೊಂದು ಕೊಟ್ಟಾರ್ರೀ..." ಎಂದು ಅವಳು ಮುಗಿಸುವುದರೊಳಗೆ ಮುಂದಿನವರ ಹೆಸರು ಕೂಗಿಸಿರುತ್ತೀರಿ. ಪಕ್ಕದಲ್ಲಿ ನಿಂತಿರುವ ಮಗಳು ಈ ಎರಡು ಮಾತುಗಳನ್ನು ಮರೆಯುವುದಿಲ್ಲ. ನಾಲ್ಕು ತಲೆಮಾರಿನಿಂದ ನಮ್ಮ ಮನೆಯಲ್ಲಿ ಅವು ಆಸ್ತಿಯಂತೆ ಇಳಿದು ಬಂದಿವೆ.

ನಿಮಗೆ ಗೊತ್ತಿರುವುದನ್ನೇ ಹೇಳಬೇಕಾಗಿದೆ. ಅವಳ ಗಡ್ಡೆಯ ಕೋಶಗಳು ಈಸ್ಟ್ರೊಜೆನ್ ಹಾರ್ಮೋನಿನ ಕರೆಗೆ ಓಗೊಟ್ಟು ಬೆಳೆಯುವಂಥವು. ಆ ಕರೆಗೆ ಅಡ್ಡ ನಿಲ್ಲಬೇಕಾದ ನಿಮ್ಮ ಮಾತ್ರೆ ನುಂಗುವಾಗ ಇನ್ನೂ ಅರೆಬೆಂದದ್ದು. ಯಕೃತ್ತಿನ ಒಂದು ಕಿಣ್ವ ಅದನ್ನು ಬಲವಾದ ರೂಪಕ್ಕೆ ತರಬೇಕು. ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆ ಅದೇ ಕಿಣ್ವದ ಕೈ ಕಟ್ಟುತ್ತದೆ. ಎಲ್ಲ ಹೆಂಗಸರಿಗೂ ಇದರಿಂದ ಕೇಡಾಗುತ್ತದೆಂದು ಹೇಳಲಾರೆ. ಆದರೆ ನಮ್ಮ ವಂಶದಲ್ಲಿ ಆ ಕಿಣ್ವ ಹುಟ್ಟಿನಿಂದಲೇ ದುರ್ಬಲ, ನನ್ನಲ್ಲೂ ಹಾಗೆಯೇ. ಮೂರನೇ ವರ್ಷ ಗಡ್ಡೆ ಮರಳಿದಾಗ, ಮಾತ್ರೆ ಸರಿಯಾಗಿ ನುಂಗಿಲ್ಲವೆಂದು ಅವಳನ್ನೇ ಬೈಯುತ್ತೀರಿ. ಒಂದು ದಿನವೂ ತಪ್ಪಿಸಿರುವುದಿಲ್ಲ ಅವಳು.

ನಮ್ಮ ಕಾಲದಲ್ಲಿ ಪ್ರತಿ ತಪಾಸಣೆಯೂ 'ಸುರಿವಿ'ನಿಂದ ಆರಂಭವಾಗುತ್ತದೆ: ರೋಗಿ ತನ್ನ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿಯಬೇಕು, ವೈದ್ಯರು ಒಂದೊಂದರ ಹೆಸರನ್ನೂ ಗಟ್ಟಿಯಾಗಿ ಓದಬೇಕು. ನಾನೂ ವೈದ್ಯೆ. ಮೊನ್ನೆ ಹೊರಗೆ ಜನ ತುಂಬಿದ್ದಾಗ ಒಬ್ಬ ಮುದುಕಿಯ ಚೀಲವನ್ನು ಪಕ್ಕಕ್ಕೆ ಸರಿಸಿದೆ. ಅವಳು ಮತ್ತೆ ಗಂಟು ಹಾಕಿಕೊಂಡಳು. ನಿಮ್ಮನ್ನು ದ್ವೇಷಿಸುವ ಹಕ್ಕು ನನಗೆಷ್ಟಿದೆ ಎಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ. ಆದರೂ ದ್ವೇಷಿಸುತ್ತೇನೆ.

ನಾಳೆ ಆ ಮುದುಕಿಯ ಮನೆ ಹುಡುಕಿಕೊಂಡು ಹೋಗುತ್ತೇನೆ. ನೀವು ಕುರ್ಚಿಯಿಂದ ಏಳಬೇಕಾಗಿಯೂ ಇಲ್ಲ. ಮಂಗಳವಾರ ನೀಲಗಂಗವ್ವ ಗಂಟು ಬಿಚ್ಚುವಾಗ ಸುಮ್ಮನಿರಿ. ಆ ಇನ್ನೊಂದು ಮಾತ್ರೆಯ ಹೆಸರು ಓದಿ, ಬರೆದುಕೊಟ್ಟ ಡಾಕ್ಟರಿಗೆ ಒಂದು ಫೋನ್ ಮಾಡಿ. ಅದರ ಬದಲು ಕೊಡಲು ಬೇರೆ ಮಾತ್ರೆ ನಿಮ್ಮ ಕಾಲದಲ್ಲೇ ಇದೆ.