ಐನಾರನ ಮತ

ಗಾಳಿಯಂತ್ರ ಸಹಕಾರ ಸಂಘದ ಅಧ್ಯಕ್ಷ ಸ್ವೆನಿಂಗ್ ಅವರಿಗೆ,

ಬುಧವಾರದ ಸಭೆಯ ಎಣಿಕೆಯಿಂದ ನನ್ನ ಗಂಡ ಐನಾರನ ಮತವನ್ನು ಕಳೆಯಬೇಕೆಂದು ಕೋರುತ್ತೇನೆ.

ಹಾಸಿಗೆ ಹಿಡಿದಿದ್ದ ಅವನ ಪರವಾಗಿ ನಾನು ಇನ್ನೊಂದು ಕೈಯನ್ನೂ ಎತ್ತಿದಾಗ ನೀವು, "ಮಲಗಿದಲ್ಲಿಂದಲೂ ಜಗಳ ಕಾಯ್ತಾನಲ್ಲಮ್ಮ ನಿನ್ನ ಗಂಡ!" ಎಂದಿರಿ. "ಅವನನ್ನ ಸುಮ್ಮನಿರಿಸೋಕೆ ನನ್ನಿಂದ ಎಂದಾದ್ರೂ ಆಗಿದ್ದುಂಟಾ?" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಅಂದು ಬೆಳಿಗ್ಗೆಯೇ ತೀರಿಕೊಂಡಿದ್ದ. ಅಂಗಳದ ಕಂಬದಲ್ಲಿ ಅರ್ಧದವರೆಗೆ ಧ್ವಜ ಏರಿಸಿದ್ದರೆ ಊರಿಗೆಲ್ಲ ತಿಳಿಯುತ್ತಿತ್ತು. ಸಭೆ ಮುಗಿಯುವವರೆಗೆ ನಾನು ಏರಿಸಲಿಲ್ಲ.

ಆ ಒಂದು ಮತದಿಂದ ಗಾಳಿಯಂತ್ರ ಕಂಪನಿಯ ಪಾಲಾಗದೆ ಊರಿನದಾಗಿಯೇ ಉಳಿಯಿತು. ಅದರ ಆದಾಯದಿಂದ ನಡೆಯುವ ಶಾಲೆಯೂ ಉಳಿಯಿತು. ಆ ಮತವನ್ನು ಕಳೆದರೆ ಎರಡು ಕಡೆಯೂ ಸಮವಾಗುತ್ತದೆ. ಆಗ ಅಧ್ಯಕ್ಷರ ಮಾತೇ ಕೊನೆಯದು. ನೀವು ಮಾರುವ ಕಡೆಯವರು ಎಂಬುದನ್ನು ಮರೆತು ಇದನ್ನು ಬರೆಯುತ್ತಿಲ್ಲ.

ಪಾಲು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ ಎಂಬ ನಿಯಮಕ್ಕಾಗಿ ಐನಾರ್ ನಿಮ್ಮೆಲ್ಲರೊಡನೆ ಗುದ್ದಾಡಿದ್ದ. ಅವನ ಹೆಸರಿನಲ್ಲಿಯೇ ನಾನು ಅದನ್ನು ಎರಡು ಮಾಡಿಕೊಂಡೆ. ಮೂರು ದಿನದಿಂದ ಅವನ ಮುಖ ನೋಡಲು ಆಗುತ್ತಿಲ್ಲ.

ನಾಳೆ, ಶನಿವಾರ, ಮಣ್ಣು ಮಾಡುತ್ತೇವೆ. ಪೆಟ್ಟಿಗೆ ಹೊರಲು ಆರು ಜನ ಬೇಕು, ಐವರು ಒಪ್ಪಿದ್ದಾರೆ. ಆರನೆಯವರು ನೀವೇ ಆಗಬೇಕೆಂದು ಅವನು ಹೇಳಿದ್ದ. ನಿಮ್ಮ ತೀರ್ಮಾನವನ್ನು ಅದಾದ ಮೇಲೆ ತಿಳಿಸಿದರೆ ಸಾಕು.

ನಿಮ್ಮ ನೆರೆಮನೆಯ,
ಗುದ್ರುನ್